ಪ್ರತಿಕ್ರಿಯೆ: ಪ್ರಿಂಟ್ ಮಾಡಿದ ಆಲ್ಜಿನೇಟ್ ಜಾಲರಿ ಒಂದೇ ವಾರದಲ್ಲಿ ಕರಗುತ್ತಿದೆ

ಕಾರ್ಟಿಲೆಜ್ (ಮೃದ್ವಸ್ಥಿ) ಬೆಳೆಸಲು ನೀವು ಆಲ್ಜಿನೇಟ್‌ನಿಂದ (ಕಡಲಕಳೆಯಿಂದ ಸಿಗುವ, ಜೆಲ್ ಆಗುವ ವಸ್ತು) 3ಡಿ ಪ್ರಿಂಟ್ ಮಾಡಿ ಸ್ಟೆಮ್ ಸೆಲ್ ಹಾಕಿದ ಜಾಲರಿ ಐದಾರು ದಿನದಲ್ಲೇ ಮೆತ್ತಗಾಗುತ್ತಿರುವುದಕ್ಕೆ ಕಾರಣ ಪ್ರಿಂಟರ್ ಅಲ್ಲ, ಬಹುಶಃ ಪಿಬಿಎಸ್, ಅಂದರೆ ಫಾಸ್ಫೇಟ್ ಬೆರೆಸಿದ ಉಪ್ಪುನೀರು. ಪ್ರತಿ ಸಲ ಮೀಡಿಯಂ (ಕೋಶಗಳನ್ನು ಬೆಳೆಸುವ ಪೋಷಕ ದ್ರವ) ಬದಲಿಸುವಾಗ ಜಾಲರಿಯನ್ನು ಪಿಬಿಎಸ್‌ನಲ್ಲೇ ತೊಳೆಯುತ್ತೇನೆ ಅಂದಿದ್ದೀರಿ. ಆಲ್ಜಿನೇಟ್ ಎಳೆಗಳನ್ನು ಒಟ್ಟಿಗೆ ಹಿಡಿದಿರುವುದು ಕ್ಯಾಲ್ಸಿಯಂ. ಪಿಬಿಎಸ್‌ನ ಫಾಸ್ಫೇಟ್ ಅದನ್ನು ಎಳೆದುಕೊಳ್ಳುತ್ತದೆ, ಸೋಡಿಯಂ ಅದರ ಜಾಗದಲ್ಲಿ ಕೂರುತ್ತದೆ, ಗಂಟು ಬಿಚ್ಚಿಕೊಳ್ಳುತ್ತದೆ. ಮೀಡಿಯಂನಲ್ಲೂ ಇದೇ ಕಥೆ, ಸ್ವಲ್ಪ ನಿಧಾನ.

ಮೊದಲು ಜೀವಕೋಶ ಹಾಕದೆ ಮೂರು ತುಂಡು ಪ್ರಿಂಟ್ ಮಾಡಿ. 100 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ 10 ನಿಮಿಷ ಇಡಿ. ಆಮೇಲೆ ಒಂದನ್ನು ಪಿಬಿಎಸ್‌ನಲ್ಲಿ, ಒಂದನ್ನು ಮೀಡಿಯಂನಲ್ಲಿ, ಇನ್ನೊಂದನ್ನು ಚೂರು ಕ್ಯಾಲ್ಸಿಯಂ ಬೆರೆಸಿದ ಹೆಪೆಸ್ ಸಲೈನ್‌ನಲ್ಲಿ (ಫಾಸ್ಫೇಟ್ ಇಲ್ಲದ ಉಪ್ಪುನೀರು) ಬಿಡಿ. ಮೂರನೆಯದು ಗಟ್ಟಿಯಾಗಿ ಉಳಿದರೆ ತೊಳೆಯುವುದಕ್ಕೂ ಅದನ್ನೇ ಬಳಸಿ. ಅದೂ ಕರಗಿದರೆ ನನ್ನ ಊಹೆ ತಪ್ಪು, ಆಲ್ಜಿನೇಟ್ ಪ್ರಮಾಣವನ್ನೇ ಅನುಮಾನಿಸಿ.

ಮೀಡಿಯಂಗೆ ಸುಮ್ನೆ ಕ್ಯಾಲ್ಸಿಯಂ ಸುರಿಯಬೇಡಿ. ಜಾಸ್ತಿಯಾದರೆ ಫಾಸ್ಫೇಟ್ ಜೊತೆ ಸೇರಿ ಬಿಳಿ ಪುಡಿಯಾಗಿ ತಳ ಸೇರುತ್ತದೆ. ನಾನು ಹೀಗೇ ಒಂದು ಬ್ಯಾಚ್ ಪೂರ್ತಿ ಹಾಳು ಮಾಡಿದ್ದೇನೆ.

ಕಾರ್ಟಿಲೆಜ್ ಬೆಳೆಸಲು ಸಾಮಾನ್ಯವಾಗಿ 21ರಿಂದ 28 ದಿನ ಬೇಕು. ಅಷ್ಟು ದಿನ ಬರೀ ಆಲ್ಜಿನೇಟ್ ನಂಬಿ ಕೂರುವುದು ಕಷ್ಟ ಅಲ್ವಾ? ಜೆಲ್‌ಮಾ (ಬೆಳಕಿನಿಂದ ಗಟ್ಟಿಯಾಗುವಂತೆ ಮಾಡಿದ ಜೆಲಟಿನ್) ಬೆರೆಸಿ, ಎಲ್‌ಎಪಿ (ಬೆಳಕು ಬಿದ್ದಾಗ ಬೆಸುಗೆ ಶುರು ಮಾಡುವ ರಾಸಾಯನಿಕ) ಹಾಕಿ, 405 ನ್ಯಾನೊಮೀಟರ್ ಬೆಳಕಿನಲ್ಲಿ ಗಟ್ಟಿ ಮಾಡಿ. ಕ್ಯಾಲ್ಸಿಯಂ ಹೋದರೂ ಆ ಬೆಸುಗೆ ಬಿಡುವುದಿಲ್ಲ. ಬೆಳಕು ಹೆಚ್ಚಾದರೆ ಕೋಶಗಳಿಗೆ ಪೆಟ್ಟು. 30 ಸೆಕೆಂಡಿನಿಂದ ಶುರು ಮಾಡಿ, ಮರುದಿನ ಲೈವ್-ಡೆಡ್ ಸ್ಟೇನ್ (ಬದುಕಿದ, ಸತ್ತ ಕೋಶಗಳನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸುವ ಪರೀಕ್ಷೆ) ನೋಡಿ, ಬೇಕಿದ್ದರೆ ಮಾತ್ರ ಹೊತ್ತು ಏರಿಸಿ.