ಫುಟ್‌ಬಾಲ್ ಆಡುವವರಿಗೆ ಜಿಮ್‌ನಲ್ಲಿ ಯಾವ ಕಸರತ್ತು ಒಳ್ಳೆಯದು?

ಜಿಮ್ ಟ್ರೈನರ್ ಬಾಡಿಬಿಲ್ಡಿಂಗ್ ಚಾರ್ಟ್ ಕೊಟ್ಟಿದ್ದಾರೆ, ಟೀಮಿನ ಗೆಳೆಯರು ತೂಕ ಎತ್ತಿದರೆ ಕಾಲು ಭಾರವಾಗುತ್ತದೆ, ಬರೀ ಜಿಗಿದರೆ ಸಾಕು ಅನ್ನುತ್ತಾರೆ, ಯಾರ ಮಾತು ಕೇಳಲಿ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಇಬ್ಬರದೂ ಬೇಡ. ವಾರಕ್ಕೆ ಎರಡು ದಿನ ಭಾರದ ಸ್ಕ್ವಾಟ್ (ಹೆಗಲ ಮೇಲೆ ಬಾರ್ ಹೊತ್ತು ಕೂತು ಏಳುವುದು), ಜೊತೆಗೆ ನಾರ್ಡಿಕ್ ಅನ್ನುವ ತೊಡೆಯ ಹಿಂಭಾಗದ ಕಸರತ್ತು. ನಾನು ತರಬೇತಿ ಕೊಡುವ ಹುಡುಗರಿಗೂ ಇದನ್ನೇ ಹೇಳುವುದು.

ಚಾರ್ಟ್‌ನಲ್ಲಿರುವ ಲೆಗ್ ಡೇ ನೋಡಿ. ಲೆಗ್ ಪ್ರೆಸ್, ಎಕ್ಸ್‌ಟೆನ್ಷನ್, ಕರ್ಲ್, ಎಲ್ಲವೂ 12-15 ರೆಪ್ಸ್, ಅಂದರೆ ಒಂದು ಸೆಟ್‌ನಲ್ಲಿ ಬಿಡದೆ ಅಷ್ಟು ಬಾರಿ. ಆಮೇಲೆ ಎರಡು ದಿನ ಮೆಟ್ಟಿಲು ಇಳಿಯುವುದೇ ಕಷ್ಟ, ಪ್ರಾಕ್ಟೀಸ್ ಎಲ್ಲಿಂದ ಮಾಡುತ್ತೀರಿ? ಅದರ ಬದಲು ಸ್ಕ್ವಾಟ್ 4 ಸೆಟ್, ಸೆಟ್‌ಗೆ 4 ರೆಪ್ಸ್, ನಡುವೆ 3 ನಿಮಿಷ ವಿಶ್ರಾಂತಿ, ಮೇಲೇಳುವಾಗ ಆದಷ್ಟು ಜೋರಾಗಿ ಏಳಬೇಕು. ಸ್ಕ್ವಾಟ್ ಹೊಸದಾದರೆ ಮೊದಲು ಖಾಲಿ ಬಾರ್‌ನಲ್ಲಿ ಸರಿಯಾಗಿ ಕಲಿಯಿರಿ. ನಾರ್ವೆಯ ಸಂಶೋಧಕರು 17 ಅಂತರರಾಷ್ಟ್ರೀಯ ಆಟಗಾರರನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ್ದರಲ್ಲಿ, ಸ್ಕ್ವಾಟ್‌ನಲ್ಲಿ ಜಾಸ್ತಿ ಭಾರ ಎತ್ತುವವರೇ 10 ಮೀಟರ್ ಓಟದಲ್ಲೂ ಜಿಗಿತದಲ್ಲೂ ಮುಂದಿದ್ದರು. ಸ್ಕ್ವಾಟ್‌ನಿಂದಲೇ ವೇಗ ಬಂತು ಅಂತ ಇದೊಂದರಿಂದ ಹೇಳಲಾಗದು, ಆದರೆ ಬಲ ಬಂದರೆ ಓಟ ಕುಂಠಿತವಾಗುತ್ತದೆ ಅನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ.

ಇನ್ನು ನಾರ್ಡಿಕ್. ದಯವಿಟ್ಟು ಇದನ್ನು ಬಿಡಬೇಡಿ. ಮಂಡಿಯೂರಿ ನಿಲ್ಲಿ, ಗೆಳೆಯ ಹಿಂದಿನಿಂದ ನಿಮ್ಮ ಕಾಲ್ಗಿಣ್ಣು ಒತ್ತಿ ಹಿಡಿಯಲಿ, ಸೊಂಟ ಬಗ್ಗಿಸದೆ ಆದಷ್ಟು ನಿಧಾನವಾಗಿ ಮುಂದಕ್ಕೆ ಬಾಗುತ್ತಾ ಹೋಗಿ, ಕೊನೆಗೆ ಕೈಯೂರಿ. ಅಷ್ಟೇ, ಮೆಷಿನ್ ಬೇಡ, ದುಡ್ಡೂ ಬೇಡ, ಮೈದಾನದಲ್ಲೇ ಮಾಡಬಹುದು. ಜೋರಾಗಿ ಓಡುವಾಗ ಕಾಲು ಮುಂದೆ ಚಾಚುತ್ತದಲ್ವಾ, ಆಗ ತೊಡೆಯ ಹಿಂಭಾಗದ ಸ್ನಾಯು, ಅಂದರೆ ಹ್ಯಾಮ್‌ಸ್ಟ್ರಿಂಗ್, ಉದ್ದವಾಗುತ್ತಲೇ ಬ್ರೇಕ್ ಹಾಕಬೇಕು, ಹ್ಯಾಮ್‌ಸ್ಟ್ರಿಂಗ್ ಹರಿಯುವುದು ಹೆಚ್ಚಾಗಿ ಅಲ್ಲೇ. ನಾರ್ಡಿಕ್ ಬೆಳೆಸುವುದು ಆ ಬಲವನ್ನೇ. ಡೆನ್ಮಾರ್ಕ್‌ನಲ್ಲಿ 942 ಆಟಗಾರರ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಾರ್ಡಿಕ್ ಮಾಡಿದ ಗುಂಪಿನಲ್ಲಿ 15 ಹ್ಯಾಮ್‌ಸ್ಟ್ರಿಂಗ್ ಗಾಯ, ಮಾಡದವರಲ್ಲಿ 52. ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಗಾತ್ರದವು.

ನಾರ್ಡಿಕ್ ಮೊದಲ ವಾರ ಒಂದೇ ದಿನ, 5 ರೆಪ್ಸ್‌ನ 2 ಸೆಟ್ ಸಾಕು. ಆರಂಭದಲ್ಲಿ ನೋವು ಇರುತ್ತದೆ, ಹೆದರಬೇಡಿ, ನಿಧಾನವಾಗಿ ಹೆಚ್ಚಿಸುತ್ತಾ ಹೋಗಿ.

ಜಿಗಿತ ಕೆಟ್ಟದ್ದಲ್ಲ. ವಾರ್ಮ್‌ಅಪ್ ಮುಗಿದ ಕೂಡಲೇ, ಕಾಲು ದಣಿಯುವ ಮುಂಚೆ, ಸ್ವಲ್ಪ ಮಾಡಿ.

ಭಾನುವಾರ ಮ್ಯಾಚ್ ಇದ್ದರೆ ಮಂಗಳವಾರ ಭಾರ ಎತ್ತಿ, ಗುರುವಾರ ಸೆಟ್ ಕಡಿಮೆ ಮಾಡಿ, ಶುಕ್ರವಾರ-ಶನಿವಾರ ಜಿಮ್ ಬೇಡ. ಲೀಗ್ ಶುರುವಾಯಿತು ಅಂತ ಎಲ್ಲ ನಿಲ್ಲಿಸುವವರೇ ಜಾಸ್ತಿ. ನೀವು ಹಾಗೆ ಮಾಡಬೇಡಿ, ಆಗಲೂ ವಾರಕ್ಕೆ ಒಂದು ದಿನವಾದರೂ ಸ್ಕ್ವಾಟ್, ನಾರ್ಡಿಕ್ ಎರಡೂ ಇರಲಿ.