ಇಷ್ಟು ಮಳೆ ಬೀಳುವ ಮಂಗಳೂರಿನಲ್ಲಿ ಮೇ ತಿಂಗಳಲ್ಲಿ ನೀರಿಗೆ ಪರದಾಟ ಯಾಕೆ? ಜನ ಹೆಚ್ಚಾದರೆ ಗತಿಯೇನು?

ಮಳೆ ಬೇಕಾದಷ್ಟಿದೆ, ಹಿಡಿದಿಡಲು ಜಾಗ ಕಡಿಮೆ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಸುರಿದರೂ ಬಹುಪಾಲು ಜೂನ್‌–ಸೆಪ್ಟೆಂಬರ್ ಒಳಗೇ ಘಟ್ಟದಿಂದ ಇಳಿದು ಸಮುದ್ರ ಸೇರುತ್ತದೆ. ನಗರ ನೆಚ್ಚಿಕೊಂಡಿರುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟನ್ನು. ಹೊಳೆಯ ಒಳಹರಿವು ನಿಂತರೆ ಅಲ್ಲಿನ ನೀರು ವಾರಗಳಲ್ಲೇ ತಳ ಕಾಣುತ್ತದೆ. 2019ರ ಬೇಸಿಗೆಯಲ್ಲಿ ಸರದಿಯಂತೆ ನೀರು ಬಿಡಬೇಕಾಗಿ ಬಂದದ್ದು ಹೀಗೆಯೇ. ಸ್ವರ್ಣಾ ನದಿಯ ಬಜೆ ಅಣೆಕಟ್ಟನ್ನು ನಂಬಿರುವ ಉಡುಪಿಯದೂ ಇದೇ ಪಾಡು.

ಹಾಗಾಗಿ ಯೋಜನೆಯ ಲೆಕ್ಕ ಹಾಕಬೇಕಾದದ್ದು ಮೇ ತಿಂಗಳ ಹೊಳೆಯನ್ನು ನೋಡಿ. ವರ್ಷದ ಸರಾಸರಿ ನಮ್ಮನ್ನು ಮೋಸಗೊಳಿಸುತ್ತದೆ. ನಗರಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಮಾನದಂಡ. ಅಂದರೆ ಒಂದು ಲಕ್ಷ ಜನ ಹೆಚ್ಚಾದರೆ ದಿನಕ್ಕೆ 1.35 ಕೋಟಿ ಲೀಟರ್ ಹೆಚ್ಚು ಬೇಕು. ಕೈಗಾರಿಕೆ, ಹೋಟೆಲ್, ಪೈಪ್ ಸೋರಿಕೆ ಬೇರೆ. ಹೊಸ ಅಪಾರ್ಟ್‌ಮೆಂಟಿಗೆ ಪರವಾನಗಿ ಕೊಡುವ ಮೊದಲೇ ಈ ಲೆಕ್ಕ ಆಗಬೇಕು.

ನನಗೆ ಹೆಚ್ಚು ಭರವಸೆ ಇರುವುದು ಬಾವಿಗಳ ಮೇಲೆ. ನಮ್ಮ ಅಂಗಳದ ಕೆಂಪುಕಲ್ಲಿನ ಬಾವಿಯಲ್ಲಿ ಮೇ ಬಂತೆಂದರೆ ಕೊಡಪಾನದ ಹಗ್ಗಕ್ಕೆ ಇನ್ನೊಂದು ತುಂಡು ಗಂಟು ಹಾಕುತ್ತಿದ್ದೆವು. ಮಾಡಿನ (ಛಾವಣಿಯ) ಮಳೆನೀರನ್ನು ಜಲ್ಲಿ, ಮರಳು, ಇದ್ದಿಲಿನಲ್ಲಿ ಸೋಸಿ ಬಾವಿಗೆ ಬಿಟ್ಟ ಮೇಲೆ ಹಳೆಯ ಹಗ್ಗವೇ ಸಾಕಾಗುತ್ತಿದೆ. ಸಾವಿರ ಚದರಡಿ ಮಾಡಿನ ಮೇಲೆ ಇಲ್ಲಿ ವರ್ಷಕ್ಕೆ ಮೂರು ಲಕ್ಷ ಲೀಟರಿಗಿಂತ ಹೆಚ್ಚು ನೀರು ಬೀಳುತ್ತದೆ. ಆದರೆ ಕೆಂಪುಕಲ್ಲು ನೀರನ್ನು ಬೇಗ ಇಂಗಿಸಿದಷ್ಟೇ ಬೇಗ ಬಿಟ್ಟುಕೊಡುತ್ತದೆ, ಆದ್ದರಿಂದ ಒಂದೆರಡು ಮನೆಯವರು ಹೀಗೆ ಮಾಡಿದರೆ ಸಾಲದು, ಇಡೀ ಗುಡ್ಡದ ಮನೆಗಳು ಒಟ್ಟಿಗೆ ಇಂಗಿಸಬೇಕು.