ಸುತ್ತಲಿನ ದೇಶಗಳ ನಾಣ್ಯ ಕುಸಿದಾಗ ರೂಪಾಯಿ ಹೇಗೆ ತಡೆದುಕೊಂಡಿತು?

ನಮಸ್ಕಾರ. 1997ರಲ್ಲಿ ಥಾಯ್ಲೆಂಡ್, ಇಂಡೊನೇಷ್ಯಾ, ದಕ್ಷಿಣ ಕೊರಿಯಾಗಳ ನಾಣ್ಯ ಕುಸಿದರೂ ರೂಪಾಯಿ ಹೇಗೆ ಉಳಿಯಿತು, ಮತ್ತೆ ಅಂಥದ್ದು ಬಂದರೆ ಬ್ಯಾಡಗಿಯಿಂದ ಮೆಣಸಿನಕಾಯಿ ರಫ್ತು ಮಾಡುವವರು ಏನು ನೋಡಬೇಕು ಅಂತ ಕೇಳಿದ್ದೀರಿ.

ಮೊದಲು ಥಾಯ್ಲೆಂಡ್ ಮುರಿದದ್ದು ಹೇಗೆ ನೋಡ್ರಿ. ಡಾಲರಿಗೆ ಸುಮಾರು 25 ಬಾತ್ (ಅಲ್ಲಿನ ನಾಣ್ಯ) ಎಂದು ದರ ಕಟ್ಟಿಹಾಕಿದ್ದರು. ಅದು ಅಲುಗುವುದಿಲ್ಲ ಎಂಬ ಭರವಸೆಯಲ್ಲಿ ಅಲ್ಲಿನ ಹಣಕಾಸು ಕಂಪನಿಗಳು ಅಗ್ಗದ ಡಾಲರ್ ಸಾಲವನ್ನು ಅಲ್ಪಾವಧಿಗೆ ತಂದು, ಬ್ಯಾಂಕಾಕಿನ ಕಟ್ಟಡಗಳಿಗೆ ಬಾತ್‌ನಲ್ಲಿ ಸುರಿದವು. ಮೂರು ತಿಂಗಳ ಕೈಗಡ ತಂದು ಕೋಲ್ಡ್ ಸ್ಟೋರೇಜ್ ಕಟ್ಟಿಸಿದ ಹಾಗೆ. ದರ ಉಳಿಸಲು ಕೇಂದ್ರ ಬ್ಯಾಂಕು ಡಾಲರನ್ನು ಫಾರ್ವರ್ಡ್ ಒಪ್ಪಂದಗಳಲ್ಲಿ, ಅಂದರೆ ಮುಂದಿನ ತಾರೀಖಿಗೆ ಕೊಡುತ್ತೇವೆಂದು ಇವತ್ತೇ ದರ ಗೊತ್ತುಮಾಡಿ, ಮಾರುತ್ತ ಹೋಯಿತು. ಲೆಕ್ಕದಲ್ಲಿ ಡಾಲರ್ ಮೀಸಲು ಇತ್ತು, ಆದರೆ ಬಹುಪಾಲು ಆಗಲೇ ಮಾತು ಕೊಟ್ಟು ಮುಗಿದಿತ್ತು. 1997ರ ಜುಲೈ 2ರಂದು ಕೈಚೆಲ್ಲಿದರು. ಮುಂದಿನ ಜನವರಿಗೆ ಡಾಲರ್ 50 ಬಾತ್ ದಾಟಿತ್ತು. ಸಾಲದ ಹೊರೆ ಇಮ್ಮಡಿಯಾಯಿತು.

ಭಾರತವನ್ನು ಕಾದದ್ದು ಮುಖ್ಯವಾಗಿ ಒಂದೇ: ಅಲ್ಪಾವಧಿ ಡಾಲರ್ ಸಾಲ ಇರಲಿಲ್ಲ ಎನ್ನುವಷ್ಟು ಕಡಿಮೆ ಇತ್ತು. 1998ರ ಮಾರ್ಚ್‌ನಲ್ಲಿ ಆ ಸಾಲ ಸುಮಾರು 500 ಕೋಟಿ ಡಾಲರ್, ಮೀಸಲು ಸುಮಾರು 2,900 ಕೋಟಿ. ಇದು ಅದೃಷ್ಟವಲ್ಲ. 1991ರಲ್ಲಿ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಡಾಲರ್ ಉಳಿದು, ಚಿನ್ನ ಅಡವಿಟ್ಟ ಮೇಲೆ, ರಂಗರಾಜನ್ ಸಮಿತಿ ಅಲ್ಪಾವಧಿ ಸಾಲಕ್ಕೆ ಕಡಿವಾಣ ಹಾಕಲು ಹೇಳಿತ್ತು. ಬಂಡವಾಳ ಖಾತೆಯ, ಅಂದರೆ ಹೂಡಿಕೆ ಮತ್ತು ಸಾಲದ ಹಣ ದೇಶದ ಒಳಗೆ ಹೊರಗೆ ಹರಿಯುವ, ಬಾಗಿಲೂ ಅರೆತೆರೆದಿತ್ತಷ್ಟೇ. ಅದನ್ನು ಮೂರು ವರ್ಷದಲ್ಲಿ ಪೂರ್ತಿ ತೆರೆಯಬೇಕೆಂಬ ತಾರಾಪೋರ್ ಸಮಿತಿಯ ಸಲಹೆ ಆ ಬಿಕ್ಕಟ್ಟಿನಿಂದಾಗಿ ಬದಿಗೆ ಸರಿಯಿತು. ಒಳ್ಳೆಯದೇ ಆಯಿತು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಮಾತು: ರೂಪಾಯಿ ಬೀಳಲಿಲ್ಲ ಎನ್ನುವುದು ಸರಿಯಲ್ಲ. ಡಾಲರಿಗೆ ಸುಮಾರು 36ರಿಂದ 42ಕ್ಕೆ ಜಾರಿತು. ಆರ್‌ಬಿಐ ಒಂದು ದರಕ್ಕೆ ಜೋತುಬೀಳದೆ, ಜಾರುವ ವೇಗವನ್ನಷ್ಟೇ ತಗ್ಗಿಸಿತು. 1998ರ ಜನವರಿಯಲ್ಲಿ ಬ್ಯಾಂಕ್ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) 9ರಿಂದ ಶೇ. 11ಕ್ಕೆ ಏರಿಸಿ, ಸಿಆರ್‌ಆರ್ (ಬ್ಯಾಂಕುಗಳು ಠೇವಣಿಯಲ್ಲಿ ಆರ್‌ಬಿಐ ಬಳಿ ಇಡಲೇಬೇಕಾದ ಪಾಲು) ಕೂಡ ಹೆಚ್ಚಿಸಿತು. ಆಗಸ್ಟ್‌ನಲ್ಲಿ ಎಸ್‌ಬಿಐ ಅನಿವಾಸಿ ಭಾರತೀಯರಿಗೆ ರಿಸರ್ಜೆಂಟ್ ಇಂಡಿಯಾ ಬಾಂಡ್ ಮಾರಿ 400 ಕೋಟಿ ಡಾಲರಿಗೂ ಹೆಚ್ಚು ತಂದಿತು. ಪೆಟ್ಟು ಬಿದ್ದದ್ದು ರಫ್ತಿಗೆ: 1998-99ರಲ್ಲಿ ಅದು ಡಾಲರ್ ಲೆಕ್ಕದಲ್ಲಿ ಕುಗ್ಗಿತು. ರೂಪಾಯಿ ಬಿದ್ದರೆ ರಫ್ತುದಾರನಿಗೆ ಲಾಭ ಎಂದು ಪ್ಯಾಟ್ಯಾಗ ಹೇಳುವ ಮಾತು ಇಂಥ ಕಾಲಕ್ಕೆ ಹೊಂದುವುದಿಲ್ಲ. ಪೈಪೋಟಿಯ ದೇಶದ ನಾಣ್ಯ ನಮ್ಮದಕ್ಕಿಂತ ಹೆಚ್ಚು ಬಿದ್ದಿದ್ದರೆ ಖರೀದಿದಾರ ಡಾಲರ್ ದರವನ್ನೇ ಇಳಿಸಲು ಕೇಳುತ್ತಾನೆ.

ನೀವು ನೋಡಬೇಕಾದದ್ದು ದೇಶದ ವಿದೇಶಿ ಸಾಲದ ತ್ರೈಮಾಸಿಕ ಅಂಕಿಅಂಶ. ಅದರಲ್ಲಿ ಒಂದು ವರ್ಷದೊಳಗೆ ತೀರಿಸಬೇಕಾದ ಒಟ್ಟು ಸಾಲವನ್ನು ಮೀಸಲಿಗೆ ಹೋಲಿಸಿ. ದೀರ್ಘಾವಧಿ ಸಾಲದ ಈ ವರ್ಷದ ಕಂತುಗಳೂ ಸೇರಿರಲಿ. ಸಾಲ ಮೀಸಲನ್ನು ಮೀರಿದರೆ ಅಪಾಯ.

ವ್ಯವಹಾರದಲ್ಲಿ, ಡಾಲರ್ ಪ್ಯಾಕಿಂಗ್ ಕ್ರೆಡಿಟ್ (ಮಾಲು ಕಳಿಸುವ ಮುಂಚೆ ರಫ್ತುದಾರನಿಗೆ ಬ್ಯಾಂಕ್ ಕೊಡುವ ಡಾಲರ್ ಸಾಲ) ತೊಂದರೆ ಕೊಡುವುದಿಲ್ಲ, ರಫ್ತಿನ ಬಿಲ್ಲೇ ಅದನ್ನು ತೀರಿಸುತ್ತದೆ. ಊರಲ್ಲೇ ರೂಪಾಯಿಗೆ ಪುಡಿ ಮಾರುವ ಗಿರಣಿಯ ಯಂತ್ರಕ್ಕೆ ಡಾಲರ್ ಸಾಲ ಬೇಡ. ಆರ್ಡರ್ ಖಚಿತವಾದಾಗ ಬ್ಯಾಂಕಿನಲ್ಲಿ ಡಾಲರನ್ನು ಫಾರ್ವರ್ಡ್ ಮಾರಿಡಿ, ಆದರೆ ಪೂರ್ತಿ ಬೇಡ. ಮಾಲು ತಿರಸ್ಕೃತವಾಗಿ ಹಣ ಬಾರದಿದ್ದರೆ ಒಪ್ಪಂದವನ್ನು ಆ ದಿನದ ದರಕ್ಕೆ ರದ್ದುಮಾಡಬೇಕು. ಅಷ್ಟರಲ್ಲಿ ರೂಪಾಯಿ ಬಿದ್ದಿದ್ದರೆ ವ್ಯತ್ಯಾಸ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಹಳೆಯ, ನಂಬಿಕೆಯ ಖರೀದಿದಾರನ ಬಿಲ್ಲಿಗೆ ಮುಕ್ಕಾಲು ಪಾಲು, ಹೊಸಬನಿಗೆ ಅರ್ಧಕ್ಕಿಂತ ಕಡಿಮೆ ಮಾರಿಡುವುದು ನನ್ನ ಸಲಹೆ.